ಗ್ಲೌಸ್ ಹಾಕಿದರಷ್ಟೇ ಸಾಲದು

1996ರ ಆಗಸ್ಟ್‌ನಲ್ಲಿ ಅಮೆರಿಕದ ಡಾರ್ಟ್‌ಮತ್ ಕಾಲೇಜಿನ ರಸಾಯನ ವಿಜ್ಞಾನಿ ಕರೆನ್ ವೆಟರ್‌ಹಾನ್ ಅವರ ಕೈಮೇಲೆ ಡೈಮೀಥೈಲ್ ಮರ್ಕ್ಯುರಿ ಎಂಬ ಪಾದರಸದ ಸಂಯುಕ್ತದ ಕೆಲವೇ ಹನಿ ಬಿದ್ದವು. ಕೈಗೆ ಲೇಟೆಕ್ಸ್ ಗ್ಲೌಸ್ ಇತ್ತು, ಕೆಲಸ ನಡೆದದ್ದೂ ಆವಿಯನ್ನು ಹೊರಗೆಳೆಯುವ ಫ್ಯೂಮ್ ಹುಡ್‌ನೊಳಗೆ. ತಿಂಗಳುಗಟ್ಟಲೆ ಏನೂ ಗೊತ್ತಾಗಲಿಲ್ಲ. 1997ರ ಜೂನ್‌ನಲ್ಲಿ ಅವರು ಪಾದರಸದ ವಿಷದಿಂದ ತೀರಿಕೊಂಡರು. ಆ ದ್ರವ ಅಂಥ ಗ್ಲೌಸನ್ನು 15 ಸೆಕೆಂಡಿನೊಳಗೇ ದಾಟುತ್ತದೆ ಎಂಬುದು ಆಮೇಲಿನ ಪರೀಕ್ಷೆಯಲ್ಲಿ ತಿಳಿಯಿತು.

ಗ್ಲೌಸ್ ಹರಿಯಬೇಕಿಲ್ಲ, ತೂತಾಗಬೇಕಿಲ್ಲ. ರಾಸಾಯನಿಕ ಅದರೊಳಗೆ ಅಣು ಅಣುವಾಗಿ ಇಳಿದು ಆಚೆ ಬದಿಗೆ ಬರುತ್ತದೆ. ಕಣ್ಣಿಗೆ ಅದು ಕಾಣುವುದಿಲ್ಲ.

ಆಯ್ಕೆ ಹೀಗೆ

ಮೊದಲು ರಾಸಾಯನಿಕದ ಸುರಕ್ಷತಾ ಮಾಹಿತಿ ಪತ್ರ (ಎಸ್‌ಡಿಎಸ್) ತೆರೆಯಿರಿ. ಅದರಲ್ಲಿ 16 ಭಾಗಗಳಿವೆ. 2ನೆಯದು ಅಪಾಯ, 4ನೆಯದು ಪ್ರಥಮ ಚಿಕಿತ್ಸೆ, 8ನೆಯದು ರಕ್ಷಣಾ ಸಾಧನ. ಕೆಲವು ಪತ್ರಗಳ 8ನೇ ಭಾಗದಲ್ಲಿ ‘ಸೂಕ್ತ ಗ್ಲೌಸ್ ಧರಿಸಿ’ ಎಂದಷ್ಟೇ ಇರುತ್ತದೆ. ಅದರಿಂದ ಯಾರಿಗೂ ಉಪಯೋಗವಿಲ್ಲ. ಆಗ ಗ್ಲೌಸ್ ತಯಾರಕರ ಪಟ್ಟಿಯಲ್ಲಿ ಆ ರಾಸಾಯನಿಕವನ್ನು ಹುಡುಕಿ, ಅದು ಗ್ಲೌಸ್ ದಾಟಲು ಎಷ್ಟು ನಿಮಿಷ ಬೇಕು ಎಂಬುದನ್ನು ನೋಡಿ. ಈ ಅಂಕಿ ಪ್ರಯೋಗಾಲಯದ್ದು. ಮೈಬಿಸಿ, ಬೆರಳು ಮಡಚುವಾಗಿನ ಎಳೆತ ಸೇರಿದರೆ ಕೈಯಲ್ಲಿ ಅಷ್ಟು ಹೊತ್ತು ತಡೆಯದು.

ಅಸಿಟೋನ್ ಎಂಬ ದ್ರಾವಕಕ್ಕೆ ಬ್ಯುಟೈಲ್ ರಬ್ಬರ್ ಒಳ್ಳೆಯದು, ಆದರೆ ಅದೇ ಬ್ಯುಟೈಲ್ ಟಾಲ್ವೀನ್‌ಗೆ ಆಗದು. ಅದಕ್ಕೆ ವೈಟಾನ್ ಎಂಬ ಇನ್ನೊಂದು ರಬ್ಬರ್ ಬೇಕು. ಎಲ್ಲೆಡೆ ಸಿಗುವ ತೆಳು ನೈಟ್ರೈಲ್ (ಕೃತಕ ರಬ್ಬರ್) ಗ್ಲೌಸ್ ಹೆಕ್ಸೇನ್ ಸಿಡಿದರೆ ತಡೆದೀತು, ಅಸಿಟೋನ್ ಮತ್ತು ಡೈಕ್ಲೋರೋಮೀಥೇನ್ ಮುಂದೆ ಸೋಲುತ್ತದೆ. ಡೈಕ್ಲೋರೋಮೀಥೇನ್‌ಗೆ ಹಲವು ಪದರದ ಲ್ಯಾಮಿನೇಟ್ ಗ್ಲೌಸ್ ಹಾಕಿ. ಅದು ಕೈಗೆ ಸರಿಯಾಗಿ ಕೂರುವುದಿಲ್ಲ, ಮೇಲೊಂದು ನೈಟ್ರೈಲ್ ಹಾಕಿದರೆ ಹಿಡಿತ ಸಿಗುತ್ತದೆ. ಪಿವಿಎ (ಪಾಲಿವಿನೈಲ್ ಆಲ್ಕೋಹಾಲ್) ಗ್ಲೌಸ್ ಕೂಡ ಹಲವು ದ್ರಾವಕಗಳನ್ನು ತಡೆಯುತ್ತದೆ, ಆದರೆ ನೀರು ತಾಗಿದರೆ ತಾನೇ ಕರಗುತ್ತದೆ!

ಹಾಕುವಾಗ, ತೆಗೆಯುವಾಗ

ಹಾಕುವ ಮೊದಲು ಗ್ಲೌಸ್‌ಗೆ ಗಾಳಿ ತುಂಬಿ, ಮಣಿಕಟ್ಟಿನ ಕಡೆಯಿಂದ ಸುರುಳಿ ಸುತ್ತಿ ನೋಡಿ. ಉಬ್ಬು ಇಳಿದರೆ ತೂತಿದೆ ಎಂದರ್ಥ. ತೆಳು ಗ್ಲೌಸ್ ಮೇಲೆ ಹನಿ ಬಿತ್ತೋ, ಒರೆಸಿ ಮುಂದುವರಿಯಬೇಡಿ. ತಕ್ಷಣ ಕಳಚಿ, ಕೈ ತೊಳೆದು, ಹೊಸದು ಹಾಕಿ. ಕಳಚುವಾಗ ಒಂದನ್ನು ಹೊರಬದಿಯಿಂದ ಹಿಡಿದು ಒಳಮಗುಚಿ ಎಳೆಯಿರಿ, ಇನ್ನೊಂದನ್ನು ಒಳಬದಿಗೆ ಬೆರಳು ತೂರಿಸಿ ತೆಗೆಯಿರಿ. ಗ್ಲೌಸ್ ಹಾಕಿದ ಕೈಯಲ್ಲಿ ಫೋನು, ಬಾಗಿಲ ಹಿಡಿ ಮುಟ್ಟಬೇಡಿ.

ಮೈಗೆ ತಾಗಿದರೆ

ಬಟ್ಟೆ ತೆಗೆದು, ಹರಿಯುವ ನೀರಿನಲ್ಲಿ ಕನಿಷ್ಠ 15 ನಿಮಿಷ ತೊಳೆಯಿರಿ. ಒಣ ಪುಡಿಯಾದರೆ ಮೊದಲು ಕೊಡವಿ. ಆಸಿಡ್ ಬಿದ್ದ ಚರ್ಮಕ್ಕೆ ಕ್ಷಾರ ಸುರಿಯುವವರಿದ್ದಾರೆ. ಎರಡೂ ಬೆರೆತಾಗ ಹುಟ್ಟುವ ಬಿಸಿಯೇ ಸುಟ್ಟೀತು.

ಹೈಡ್ರೋಫ್ಲೋರಿಕ್ ಆಸಿಡ್‌ನ ದಾರಿ ಬೇರೆ. ತೆಳು ದ್ರಾವಣ ತಾಗಿದರೆ ನೋವು ಗಂಟೆಗಟ್ಟಲೆ ತಡವಾಗಿ ಬರಬಹುದು. ಅಷ್ಟರಲ್ಲಿ ಫ್ಲೋರೈಡ್ ಒಳಗಿಳಿದು ದೇಹದ ಕ್ಯಾಲ್ಸಿಯಂ ಅನ್ನು ಕಟ್ಟಿಹಾಕುತ್ತದೆ, ಹೃದಯದ ಬಡಿತವೇ ತಪ್ಪಬಹುದು. 5 ನಿಮಿಷ ತೊಳೆದು, ಶೇ 2.5ರ ಕ್ಯಾಲ್ಸಿಯಂ ಗ್ಲುಕೋನೇಟ್ ಜೆಲ್ ತಿಕ್ಕುತ್ತಲೇ ಆಸ್ಪತ್ರೆಗೆ ಹೊರಡಿ. ತಿಕ್ಕುವವರೂ ಗ್ಲೌಸ್ ಹಾಕಿರಬೇಕು. ಜೆಲ್ ಇಲ್ಲದಿದ್ದರೆ ತೊಳೆಯುವುದನ್ನು ನಿಲ್ಲಿಸಬೇಡಿ. ಈ ಆಸಿಡ್ ಇರುವ ಕಡೆ ಜೆಲ್ ಮೊದಲೇ ಇರಬೇಕು, ಅವಧಿ ಮೀರಿರಬಾರದು. ಹೊರಡುವಾಗ ಎಸ್‌ಡಿಎಸ್ ಪ್ರತಿ ಜೊತೆಗಿರಲಿ, ವೈದ್ಯರು ಮೊದಲು ಕೇಳುವುದು ರಾಸಾಯನಿಕದ ಹೆಸರನ್ನೇ.