ಸೆಸ್ನಾ 172ರಲ್ಲಿ ಓಷ್‌ಕೋಶ್‌ಗೆ: ನಾನು ಮಾಡಿಕೊಳ್ಳುವ ತಯಾರಿ

ಜುಲೈ ಕೊನೆಯಲ್ಲಿ ಅಮೆರಿಕದ ವಿಸ್ಕಾನ್ಸಿನ್‌ನ ಓಷ್‌ಕೋಶ್‌ನಲ್ಲಿ ನಡೆಯುವ ಏರ್‌ವೆಂಚರ್ ವಿಮಾನ ಮೇಳಕ್ಕೆ ಸ್ವಂತ ವಿಮಾನದಲ್ಲಿ ಹೊರಡುವವರು ಟೆಂಟು, ಹಾಸಿಗೆಯ ಬಗ್ಗೆ ಬೇಕಾದಷ್ಟು ಯೋಚಿಸುತ್ತಾರೆ. ನಾನು ಹಾರಿಸುವುದು ನಾಲ್ಕು ಸೀಟಿನ ಪುಟ್ಟ ಸೆಸ್ನಾ 172. ನಾನು ಹೆಚ್ಚು ಸಮಯ ಕೊಡುವುದು ಹಾರಾಟದ ಕೊನೆಯ ಹದಿನೈದು ಮೈಲಿಗೆ.

ಮೊದಲ ಕೆಲಸ ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆ ಎಫ್‌ಎಎ ಆ ವರ್ಷದ ಮೇಳಕ್ಕೆ ಹೊರಡಿಸುವ ನೋಟಿಸ್ ಓದುವುದು. ಹೋದ ವರ್ಷದ್ದು ಕೈಲಿದ್ದರೆ ಹರಿದು ಹಾಕಿ. ದಾರಿ ಶುರುವಾಗುವ ಜಾಗಗಳೂ ಸೂಚನೆಗಳೂ ಬದಲಾಗುತ್ತಿರುತ್ತವೆ. ಟ್ಯಾಬ್ಲೆಟ್ ಬಿಸಿಲಿಗೆ ಕಾದು ಆರಿಹೋಗುವುದು ಮಾಮೂಲು, ಹಾಗಾಗಿ ಬೇಕಾದ ಪುಟಗಳನ್ನು ಕಾಗದದ ಮೇಲೆ ಮುದ್ರಿಸಿ ಪಕ್ಕದಲ್ಲಿ ಕೂರುವವರ ಕೈಗೆ ಕೊಡುತ್ತೇನೆ.

ಓಷ್‌ಕೋಶ್‌ ದಾರಿಯಲ್ಲಿರುವ ರಿಪನ್ ಊರಿನಿಂದ ಫಿಸ್ಕ್ ಎಂಬ ಸಣ್ಣ ಊರಿನವರೆಗೆ ರೈಲು ಹಳಿ ಹಿಡಿದು, ಒಬ್ಬರ ಹಿಂದೆ ಒಬ್ಬರು, ಅರ್ಧ ಮೈಲಿ ಅಂತರ ಬಿಟ್ಟು ಹಾರಬೇಕು. ಎತ್ತರ 1,800 ಅಡಿ, ವೇಗ 90 ನಾಟ್ (ಗಂಟೆಗೆ ಸುಮಾರು 167 ಕಿ.ಮೀ). ವೇಗದ ವಿಮಾನಗಳಿಗೆ 2,300 ಅಡಿ, 135 ನಾಟ್. ಇದು ಸಮುದ್ರಮಟ್ಟದಿಂದ ಲೆಕ್ಕ. ಅಲ್ಲಿನ ನೆಲವೇ ಸುಮಾರು 800 ಅಡಿ ಇರುವುದರಿಂದ ಕೆಳಗೆ ಉಳಿಯುವುದು ಸಾವಿರ ಅಡಿ ಮಾತ್ರ. ರೇಡಿಯೊದಲ್ಲಿ ನಾವು ಮಾತಾಡುವ ಹಾಗಿಲ್ಲ. ಫಿಸ್ಕ್‌ನಲ್ಲಿ ನೆಲದ ಮೇಲೆ ಕುಳಿತ ಕಂಟ್ರೋಲರ್, ಬಣ್ಣ ಮತ್ತು ಆಕಾರ ನೋಡಿ, "ಮೇಲ್ರೆಕ್ಕೆಯ ಬಿಳಿ ಸೆಸ್ನಾ, ರೆಕ್ಕೆ ಅಲ್ಲಾಡಿಸಿ" ಎನ್ನುತ್ತಾರೆ. ಅವರಿಗೆ ಕೆಳಗಿನಿಂದ ಕಾಣುವಷ್ಟು ಜೋರಾಗಿ ಅಲ್ಲಾಡಿಸಬೇಕು. ನಿಮಗೆ ಸಿಗುವ ರನ್‌ವೇ ಯಾವುದೆಂದು ಗೊತ್ತಾಗುವುದು ಅಲ್ಲೇ.

ಇಲ್ಲಿ ತಪ್ಪುವುದು ವೇಗ. ಮುಂದಿನವರು 80ಕ್ಕೆ ಇಳಿದರೆ ಹಿಂದಿನವರೆಲ್ಲ ಒತ್ತೊತ್ತಾಗಿ ಬರುತ್ತಾರೆ, ಯಾರೋ ಅಂತರ ಹೆಚ್ಚಿಸಲೆಂದು ಹಾವಿನಂತೆ ಬಳುಕುತ್ತಾ ಹಾರತೊಡಗುತ್ತಾರೆ. ಹಾಗೆ ಮಾಡಬಾರದು, ಮುಂದಿನವರನ್ನು ದಾಟಲೂಬಾರದು. ಅಂತರ ಕೈಮೀರಿದರೆ ಸಾಲು ಬಿಟ್ಟು ರಿಪನ್‌ಗೆ ಮರಳಿ ಮತ್ತೆ ಸೇರಿಕೊಳ್ಳುವುದೇ ಸರಿ. ಅದಕ್ಕಾಗಿ ಹೊರಡುವ ಮೊದಲೇ, ಪೂರ್ತಿ ಸಾಮಾನು ತುಂಬಿದ ವಿಮಾನದಲ್ಲಿ, ಥ್ರಾಟಲ್ (ಎಂಜಿನ್ ಶಕ್ತಿ ಹೆಚ್ಚು ಕಡಿಮೆ ಮಾಡುವ ಹಿಡಿ) ಎಷ್ಟಿಟ್ಟರೆ 90 ನಾಟ್ ನಿಲ್ಲುತ್ತದೆ ಎಂದು ನೋಡಿ ಆರ್‌ಪಿಎಂ, ಅಂದರೆ ಎಂಜಿನ್ ನಿಮಿಷಕ್ಕೆ ಸುತ್ತುವ ಸುತ್ತು, ಬರೆದಿಟ್ಟುಕೊಳ್ಳುತ್ತೇನೆ. ಒಬ್ಬರೇ ಹಾರಿಸಿದಾಗಿನ ಅಂಕಿ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಫ್ಲಾಪ್ (ನಿಧಾನವಾಗಿ ಹಾರಲು ರೆಕ್ಕೆಯ ಹಿಂಬದಿಯಿಂದ ಇಳಿಸುವ ಹಲಗೆ) ಇಳಿಸುವ ಮುನ್ನ ಕೈಪಿಡಿ ನೋಡಿ: ಹೊಸ 172ಗಳಲ್ಲಿ ಮೊದಲ 10 ಡಿಗ್ರಿಗೆ 110 ನಾಟ್‌ವರೆಗೆ ಅವಕಾಶ ಇದೆ, ಹಳೆಯ ಕೆಲವು ಮಾದರಿಗಳಲ್ಲಿ ಮಿತಿ ಗಂಟೆಗೆ 100 ಮೈಲಿ, ಅಂದರೆ 87 ನಾಟ್. ಅಂಥ ವಿಮಾನದಲ್ಲಿ 90ರಲ್ಲಿ ಫ್ಲಾಪ್ ಮುಟ್ಟುವಂತಿಲ್ಲ.

ಇಳಿಯುವುದು ಬಣ್ಣದ ಚುಕ್ಕೆಯ ಮೇಲೆ. ಒಂದೇ ರನ್‌ವೇಯಲ್ಲಿ ಹಲವು ವಿಮಾನ ಇಳಿಸಲು ದೊಡ್ಡ ಚುಕ್ಕೆಗಳನ್ನು ಬಳಿದಿರುತ್ತಾರೆ. ಹಸಿರು ಎಂದರೆ ಹಸಿರಿನ ಮೇಲೇ. ದೂರದ ಚುಕ್ಕೆ ಸಿಕ್ಕಾಗ ಅಭ್ಯಾಸಬಲದಿಂದ ರನ್‌ವೇ ತುದಿಯಲ್ಲೇ ಇಳಿದುಬಿಡುವವರಿದ್ದಾರೆ. ಊರಲ್ಲೇ ಇದಕ್ಕೆ ಅಭ್ಯಾಸ ಬೇಕು: ಸ್ವಲ್ಪ ಥ್ರಾಟಲ್ ಇಟ್ಟುಕೊಂಡು ಅರ್ಧ ರನ್‌ವೇ ದಾಟಿ ಗುರುತಿಟ್ಟ ಜಾಗಕ್ಕೆ ಇಳಿಸುವುದು. ಕಂಟ್ರೋಲರ್ "ತಕ್ಷಣ ತಿರುಗಿ" ಎಂದಾಗ ನೆಲದ ಹತ್ತಿರ ಕಡಿದಾಗಿ ತಿರುಗಿ ಕಂಟ್ರೋಲ್ ಹಿಡಿಯನ್ನು ಎಳೆಯುವುದು ಬಹಳ ಅಪಾಯ. 45 ಡಿಗ್ರಿ ವಾಲಿದರೆ ಸ್ಟಾಲ್ ವೇಗ, ಅಂದರೆ ಅದಕ್ಕಿಂತ ನಿಧಾನವಾದರೆ ರೆಕ್ಕೆ ವಿಮಾನವನ್ನು ಹೊರಲಾರದ ವೇಗ, ಶೇಕಡ 19ರಷ್ಟು ಏರುತ್ತದೆ. ಸಾಲು ತಪ್ಪಿದರೆ ಗೋ-ಅರೌಂಡ್ ಮಾಡಿ, ಅಂದರೆ ಇಳಿಯದೆ ಮತ್ತೆ ಮೇಲೇರಿ. ಇಳಿದ ಮೇಲೆ ರನ್‌ವೇಯಲ್ಲಿ ನಿಲ್ಲದೆ, ಹೇಳಿದ ಕಡೆ ಹುಲ್ಲಿಗೆ ಇಳಿದುಬಿಡಬೇಕು.

ರಿಪನ್ ತಲುಪುವಾಗ ನನ್ನಲ್ಲಿ ಕನಿಷ್ಠ ಎರಡು ಗಂಟೆಯ ಪೆಟ್ರೋಲ್ ಉಳಿದಿರುತ್ತದೆ: ಗಂಟೆಗೆ 8 ಗ್ಯಾಲನ್‌ನಂತೆ 16 ಗ್ಯಾಲನ್, 96 ಪೌಂಡ್. ದಾರಿಯಲ್ಲಿನ ರಶ್ ಲೇಕ್ ಕೆರೆಯ ಸುತ್ತ ಕಾಯಿಸಿ ಸುತ್ತಿಸಿದರೂ, ಏರ್‌ಶೋ ಎಂದು ವಿಮಾನ ನಿಲ್ದಾಣ ಮುಚ್ಚಿದರೂ, ರಾತ್ರಿ 8ಕ್ಕೆ ಬಾಗಿಲು ಹಾಕಿದರೂ ಹತ್ತಿರದ ಫಾನ್ ಡು ಲಾಕ್ ಅಥವಾ ಆಪಲ್‌ಟನ್ ನಿಲ್ದಾಣಕ್ಕೆ ಹೋಗಲು ಸಾಕು. ಸಾಮಾನನ್ನು ತಕ್ಕಡಿಯಲ್ಲಿ ತೂಗಿ. 172ರ ಹಿಂಭಾಗದ ಸಾಮಾನಿನ ಮಿತಿ 120 ಪೌಂಡ್. ಟೆಂಟು, ಗೂಟ, ನೀರು, ಬಟ್ಟೆ ಸೇರಿದರೆ ಅದು ಸುಲಭವಾಗಿ ತುಂಬುತ್ತದೆ. ನಾಲ್ಕು ಜನ ಮತ್ತು ಟೆಂಟು ಎರಡೂ ಆಗುವ ಮಾತಲ್ಲ. 32 ಡಿಗ್ರಿ ಸೆಲ್ಸಿಯಸ್ ಬಿಸಿಲಲ್ಲಿ ಅಲ್ಲಿನ ಡೆನ್ಸಿಟಿ ಆಲ್ಟಿಟ್ಯೂಡ್ ಸುಮಾರು 3,000 ಅಡಿ, ಅಂದರೆ ಗಾಳಿ ತೆಳುವಾಗಿ ವಿಮಾನ ಅಷ್ಟು ಎತ್ತರದಲ್ಲಿದ್ದಂತೆ ವರ್ತಿಸುತ್ತದೆ. ಹೊರಡುವ ದಿನ ಇದು ಲೆಕ್ಕಕ್ಕೆ ಬರುತ್ತದೆ.

ನಿಲ್ಲಿಸಿದ ವಿಮಾನವನ್ನು ನೆಲಕ್ಕೆ ಕಟ್ಟುವ ಸಾಮಗ್ರಿ ನಮ್ಮದೇ ಬೇಕು. ಸುರುಳಿ ಗೂಟಗಳ ಮೇಲೆ ನನಗೆ ಭರವಸೆ ಇಲ್ಲ. ಸಡಿಲ ಮಣ್ಣಲ್ಲಿ, ಮಳೆ ಬಿದ್ದ ಮೇಲೆ ಅವು ಮೇಲೆದ್ದು ಬರುತ್ತವೆ. ಫ್ಲೋರಿಡಾದ ಲೇಕ್‌ಲ್ಯಾಂಡ್‌ನಲ್ಲಿ 2011ರ ಮಾರ್ಚ್ 31ರ ಬಿರುಗಾಳಿಗೆ ಸನ್ ಎನ್ ಫನ್ ಮೇಳದಲ್ಲಿ ಎಷ್ಟೋ ವಿಮಾನಗಳು ಮಗುಚಿಕೊಂಡಿದ್ದವು. ಓರೆಯಾಗಿ ಮೂರು ಕಡ್ಡಿ ಹೊಡೆದು ಕೂರಿಸುವ ಗೂಟ ಒಳ್ಳೆಯದು, ಸುತ್ತಿಗೆ ಮರೆಯಬೇಡಿ. ಎರಡು ರೆಕ್ಕೆಗೆ, ಬಾಲಕ್ಕೆ ಒಂದೊಂದು. ಹಗ್ಗ ನೈಲಾನ್ ಇರಲಿ. ನಾರಿನ ಹಗ್ಗ ನೆನೆದಾಗ ಬಿಗಿದುಕೊಂಡು ರೆಕ್ಕೆಯನ್ನು ಕೆಳಗೆ ಎಳೆಯುತ್ತದೆ. ಒಂದು ಅಂಗುಲ ಸಡಿಲ ಬಿಟ್ಟು ಕಟ್ಟಿ. ಜಾಸ್ತಿ ಸಡಿಲ ಇದ್ದರೆ ಪ್ರತಿ ಗಾಳಿಗೂ ಗೂಟಕ್ಕೆ ಜರ್ಕ್ ಬೀಳುತ್ತದೆ. ರೆಕ್ಕೆಯ, ಬಾಲದ ಚಲಿಸುವ ಭಾಗಗಳು ಗಾಳಿಗೆ ಬಡಿದುಕೊಳ್ಳದಂತೆ ಒಳಗೆ ಕಂಟ್ರೋಲ್ ಲಾಕ್ ಹಾಕಿ.

ಹೊರಡುವ ಬೆಳಿಗ್ಗೆ ಟ್ಯಾಂಕಿನ ತಳದಲ್ಲಿರುವ ಎಲ್ಲ ಡ್ರೇನ್‌ಗಳಿಂದಲೂ ಸ್ವಲ್ಪ ಪೆಟ್ರೋಲ್ ತೆಗೆದು ನೀರಿದೆಯೇ ನೋಡಬೇಕು. ಮಳೆ ಬಿದ್ದಿದ್ದರೆ ಟ್ಯಾಂಕ್ ಮುಚ್ಚಳದ ಹಳೆಯ ರಬ್ಬರಿನಿಂದ ನೀರು ಇಳಿದಿರುತ್ತದೆ; ಹುಲ್ಲುನೆಲ ಓರೆ ಇದ್ದರೆ ಆ ನೀರು ಡ್ರೇನ್‌ಗೆ ಬಾರದೆ ಮೂಲೆಯಲ್ಲಿ ನಿಲ್ಲುತ್ತದೆ, ಆದ್ದರಿಂದ ರೆಕ್ಕೆ ಅಲ್ಲಾಡಿಸಿ ಮತ್ತೊಮ್ಮೆ ತೆಗೆಯಿರಿ. ವಿಮಾನದ ಹಿಂದೆ ಯಾರದೋ ಟೆಂಟು ಇರುತ್ತದೆ, ಪ್ರೊಪೆಲ್ಲರ್ ಗಾಳಿ ಅದಕ್ಕೆ ಬಡಿಯಬಾರದು. ಎಂಜಿನ್ ಹಾಕುವ ಮೊದಲು ವಿಮಾನವನ್ನು ಕೈಯಿಂದ ಎಳೆದು ದಾರಿಗೆ ತನ್ನಿ. ಆಮೇಲೆ ಉದ್ದನೆಯ ಸರದಿ. ಸೀಸ ಬೆರೆತ 100 ಎಲ್‌ಎಲ್ ಎಂಬ ವಿಮಾನದ ಪೆಟ್ರೋಲಿನಲ್ಲಿ ಕಡಿಮೆ ಆರ್‌ಪಿಎಂನಲ್ಲಿ ನಿಂತರೆ ಸ್ಪಾರ್ಕ್ ಪ್ಲಗ್ ಕೊಳೆಯಾಗಿ ಟೇಕಾಫ್‌ಗೆ ಮುಂಚಿನ ಮ್ಯಾಗ್ನೆಟೊ (ಪ್ಲಗ್‌ಗೆ ಕಿಡಿ ಕೊಡುವ ಸಾಧನ) ಪರೀಕ್ಷೆಯಲ್ಲಿ ಎಂಜಿನ್ ನಡುಗುತ್ತದೆ. ಹಾಗಾಗಿ ಪೆಟ್ರೋಲ್ ಪ್ರಮಾಣ ಕಡಿಮೆಯಾಗುವಂತೆ ಮಿಕ್ಸ್ಚರ್ ಹಿಡಿಯನ್ನು ಚೆನ್ನಾಗಿ ಹಿಂದಕ್ಕೆ ಎಳೆದಿಡುತ್ತೇನೆ, ಎಷ್ಟೆಂದರೆ ಮರೆತು ಥ್ರಾಟಲ್ ತಳ್ಳಿದರೆ ಎಂಜಿನ್ ತಡವರಿಸಬೇಕು. ಅರ್ಧಂಬರ್ಧ ಎಳೆದಿಟ್ಟು ಮರೆತವರಿಗೆ ಅದು ಗೊತ್ತಾಗುವುದು ಟೇಕಾಫ್‌ನಲ್ಲಿ ಸಿಲಿಂಡರ್ ಅತಿಯಾಗಿ ಕಾದ ಮೇಲೆ.