ಹಲ್ಲಿನ ಬೇರು ಕವಲಲ್ಲಿ ತೂತು ಬಿದ್ದರೆ ಮುಚ್ಚುವುದು ಹೇಗೆ?

ಕೆಳದವಡೆಯ ಹಲ್ಲಿಗೆ ರೂಟ್ ಕೆನಾಲ್ ಮಾಡುವಾಗ ಬರ್ (ಕೊರೆಯುವ ಮೊನೆ) ತುಸು ಆಳಕ್ಕಿಳಿದರೆ, ಬೇರುಗಳು ಕವಲೊಡೆಯುವಲ್ಲಿ ತಳ ತೂತಾಗುತ್ತದೆ. ರಕ್ತ ಥಟ್ಟನೆ ಜಿನುಗುತ್ತದೆ. ಅಲ್ಲಿ ಫೈಲ್ (ಬೇರಿನ ಕಾಲುವೆ ಕೆರೆಯುವ ಸೂಜಿ) ತಾಗಿಸಿದರೆ, ಕಾಲುವೆಯ ಉದ್ದ ಅಳೆಯುವ ಅಪೆಕ್ಸ್ ಲೊಕೇಟರ್ ಆಗಲೇ ಬೇರಿನ ತುದಿ ಮುಟ್ಟಿದಂತೆ ತೋರಿಸುತ್ತದೆ. ಆದಷ್ಟೂ ಅದೇ ದಿನ ಮುಚ್ಚಬೇಕು. ತಡವಾದಷ್ಟೂ ಸೋಂಕು ತಗುಲಿ ಮೂಳೆ ಕರಗುತ್ತದೆ.

ಹಿಂದೆ ಅಮಾಲ್ಗಂ (ಪಾದರಸ ಬೆರೆತ ಲೋಹ) ತುಂಬುತ್ತಿದ್ದರು, ಸೋರಿಕೆ ತಪ್ಪುತ್ತಿರಲಿಲ್ಲ. 1990ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಲೋಮಾ ಲಿಂಡಾ ವಿಶ್ವವಿದ್ಯಾಲಯದಿಂದ ಬಂದ ಎಂಟಿಎ (ಮಿನರಲ್ ಟ್ರೈಆಕ್ಸೈಡ್ ಅಗ್ರಿಗೇಟ್) ಎಂಬ ಪುಡಿ ಈ ಲೆಕ್ಕ ಬದಲಿಸಿತು. ಇದರ ಬಹುಪಾಲು ಶುದ್ಧೀಕರಿಸಿದ ಪೋರ್ಟ್‌ಲ್ಯಾಂಡ್ ಸಿಮೆಂಟ್; ಎಕ್ಸ್‌ರೇಯಲ್ಲಿ ಕಾಣಲೆಂದು ಬಿಸ್ಮತ್ ಆಕ್ಸೈಡ್. ಸಿಮೆಂಟ್ ಆದ್ದರಿಂದ ಗಟ್ಟಿಯಾಗಲು ಇದಕ್ಕೆ ತೇವವೇ ಬೇಕು.

ರಬ್ಬರ್ ಡ್ಯಾಮ್ (ಹಲ್ಲಿಗೆ ಎಂಜಲು ತಾಗದಂತೆ ತಡೆಯುವ ರಬ್ಬರ್ ಹಾಳೆ) ಹಾಕಿ ಸಲೈನಿನಿಂದ (ಉಪ್ಪುನೀರು) ಮೆಲ್ಲಗೆ ತೊಳೆಯಿರಿ. ಕಾಲುವೆ ತೊಳೆಯುವ ಸೋಂಕುನಾಶಕ ಹೈಪೋಕ್ಲೋರೈಟನ್ನು ಒತ್ತಿ ಹಾಯಿಸಿದರೆ ತೂತಿನಿಂದ ಹೊರಹೋಗಿ ಮುಖ ಬಾತುಕೊಳ್ಳುತ್ತದೆ, ನೋವು ಸಹಿಸಲಾಗದು. ಸಲೈನ್ ಹತ್ತಿಯುಂಡೆಯನ್ನು ಕೆಲವು ನಿಮಿಷ ಒತ್ತಿಟ್ಟರೆ ರಕ್ತ ನಿಲ್ಲುತ್ತದೆ. ರಕ್ತ ನಿಲ್ಲಿಸುವ ಫೆರಿಕ್ ಸಲ್ಫೇಟ್ ಬೇಡ, ಅದು ಬಿಡುವ ಹೆಪ್ಪು ಸೋಂಕಿಗೆ ಆಸರೆ. ಕಾಲುವೆಗಳ ಬಾಯಿಗೆ ಪೇಪರ್ ಪಾಯಿಂಟ್ (ಮೊನಚಾದ ಕಾಗದದ ಕಡ್ಡಿ) ಇಡಿ, ಇಲ್ಲವಾದರೆ ಸಿಮೆಂಟ್ ಅಲ್ಲಿಗೂ ಇಳಿದು ದಾರಿ ಮುಚ್ಚುತ್ತದೆ. ತೂತು ದೊಡ್ಡದಾದರೆ ಅದರಾಚೆ ಕೊಲಾಜೆನ್ ಸ್ಪಾಂಜ್ ತುಂಡನ್ನು ತಡೆಗೋಡೆಯಾಗಿ ಕೂರಿಸಿ.

ಮೂರು ಪಾಲು ಪುಡಿಗೆ ಒಂದು ಪಾಲು ಶುದ್ಧ ನೀರು. ಗಾಜಿನ ಹಲಗೆಯ ಮೇಲೆ ಕಲಸಿದಾಗ ಒದ್ದೆ ಮರಳಿನ ಹಾಗಿರಬೇಕು. ನೀರು ಹೆಚ್ಚಾದರೆ ಜಾರುತ್ತದೆ, ಕಡಿಮೆಯಾದರೆ ಪುಡಿಪುಡಿ ಉದುರುತ್ತದೆ. ಕ್ಯಾರಿಯರ್‌ನಲ್ಲಿ (ಸಿಮೆಂಟ್ ಒಯ್ಯುವ ಕೊಳವೆ) ಸ್ವಲ್ಪಸ್ವಲ್ಪವೇ ಇಳಿಸಿ, ಪ್ಲಗರ್‌ನಿಂದ (ಚಪ್ಪಟೆ ತುದಿಯ ಕಡ್ಡಿ) ಹಗುರವಾಗಿ ತಟ್ಟಿ. ಅದುಮಿದರೆ ಮೂಳೆಯೊಳಕ್ಕೆ ಹೋಗುತ್ತದೆ. ಎಕ್ಸ್‌ರೇ ನೋಡಿ, ನೀರು ತೊಟ್ಟಿಕ್ಕದಂತೆ ಹಿಂಡಿದ ಒದ್ದೆ ಹತ್ತಿ ಇಟ್ಟು ತಾತ್ಕಾಲಿಕವಾಗಿ ಮುಚ್ಚಿ.

ಹಳೆಯ ಬಗೆಯ ಎಂಟಿಎ ಗಟ್ಟಿಯಾಗಲು ಸುಮಾರು ಎರಡೂಮುಕ್ಕಾಲು ಗಂಟೆ ಬೇಕು. ಅಷ್ಟರೊಳಗೆ ಮೇಲೆ ನೀರು ಚಿಮ್ಮಿಸಿದರೆ ಕೊಚ್ಚಿಹೋಗುತ್ತದೆ. ಹಾಗಾಗಿ ಕಾಲುವೆಗಳ ಉಳಿದ ಕೆಲಸ ಮುಂದಿನ ಭೇಟಿಗೆ. ಆಗ ಎಕ್ಸ್‌ಪ್ಲೋರರ್ (ಹಲ್ಲು ಪರೀಕ್ಷಿಸುವ ಚೂಪು ಕಡ್ಡಿ) ತುದಿಯಿಂದ ಕೆರೆದು ನೋಡಿ, ಮೆತ್ತಗಿದ್ದರೆ ತೆಗೆದು ಮತ್ತೆ ತುಂಬಿ.

ಅದೇ ದಿನ ಮುಗಿಸಬೇಕಾದರೆ ಬಯೋಡೆಂಟಿನ್ ಎಂಬ ಇನ್ನೊಂದು ಸಿಮೆಂಟ್ ಅನುಕೂಲ: ಕ್ಯಾಪ್ಸೂಲಿಗೆ ಐದು ಹನಿ ದ್ರವ, ಯಂತ್ರದಲ್ಲಿ 30 ಸೆಕೆಂಡ್ ಕಲಕು, ಸುಮಾರು 12 ನಿಮಿಷದಲ್ಲಿ ಬಿಗಿ. ಎಕ್ಸ್‌ರೇಯಲ್ಲಿ ಮಾತ್ರ ಎಂಟಿಎಯಷ್ಟು ಎದ್ದು ಕಾಣದು. ಬಾಯಿಯ ಮುಂಭಾಗದ ಹಲ್ಲಿಗಂತೂ ಬಿಸ್ಮತ್ ಇರುವ ಎಂಟಿಎ ಬಳಸದಿರುವುದೇ ಮೇಲು, ಹಲ್ಲು ಕಪ್ಪಿಡುತ್ತದೆ. ತೂತು ವಸಡಿನ ಅಂಚಿನಲ್ಲಿದ್ದು ಬಾಯಿಯ ಕಡೆಗೆ ತೆರೆದುಕೊಂಡಿದ್ದರೆ ಎಂಟಿಎ ಅಲ್ಲಿ ನಿಲ್ಲುವುದಿಲ್ಲ. ಅಲ್ಲಿಗೆ ಹಲ್ಲಿಗೆ ಅಂಟುವ ಗ್ಲಾಸ್ ಅಯನೊಮರ್ ಸಿಮೆಂಟ್ ಸೂಕ್ತ.