ಒಂದು ಲೀಟರ್ ಎಣ್ಣೆ ಎಷ್ಟು ಕೆಜಿ? ಗಾಣದ ಮನೆಯ ಲೆಕ್ಕ

ಚಳ್ಳಕೆರೆಯಲ್ಲಿ ನಮ್ಮದೊಂದು ಚಿಕ್ಕ ಗಾಣ ಇದೆ. ಶೇಂಗಾ, ಕುಸುಬೆ, ಎಳ್ಳು, ಕೊಬ್ಬರಿ ತಂದುಕೊಟ್ಟರೆ ಎಣ್ಣೆ ತೆಗೆದುಕೊಡುತ್ತೇವೆ. ಬೀಜ ತೂಕದಲ್ಲಿ ಬರುತ್ತದೆ, ಎಣ್ಣೆ ಕ್ಯಾನಿನಲ್ಲಿ ಹೋಗುತ್ತದೆ. ಹಾಗಾಗಿ ಕೆಜಿ, ಲೀಟರ್ ಗೊಂದಲ ದಿನಾ ಇದ್ದದ್ದೇ. "ಎರಡೂ ಒಂದೇ ಅಲ್ವಾ ಅಣ್ಣಾ?" ಅನ್ನುವವರೇ ಜಾಸ್ತಿ.

ನೀರಿಗಾದರೆ ಹೌದು, ಎರಡೂ ಒಂದೇ. 1795ರಲ್ಲಿ ಫ್ರಾನ್ಸಿನವರು ಗ್ರಾಂ ಅಂತ ಗೊತ್ತು ಮಾಡಿದ್ದೇ ಒಂದು ಘನ ಸೆಂಟಿಮೀಟರ್ ನೀರಿನ ತೂಕದಿಂದ. ಒಂದು ಘನ ಸೆಂಟಿಮೀಟರ್ ಅಂದರೆ 1 ಮಿಲಿ. ಹಾಗಾಗಿ 1 ಲೀಟರ್ ನೀರು 1 ಕೆಜಿ, ತಾರಸಿ ಮೇಲಿನ 1000 ಲೀಟರ್ ಟ್ಯಾಂಕ್ ತುಂಬಿದರೆ 1 ಟನ್. ಆದರೆ ಎಣ್ಣೆ ನೀರಿನ ಮೇಲೆ ತೇಲುತ್ತದೆ. ಅಷ್ಟೇ ಜಾಗದಲ್ಲಿ ಅದರ ತೂಕ ಕಡಿಮೆ ಅಂತ ಅಲ್ಲೇ ಗೊತ್ತಾಯಿತಲ್ಲ.

ಎಷ್ಟು ಕಡಿಮೆ? ಶೇಂಗಾ ಎಣ್ಣೆ ಲೀಟರಿಗೆ ಸುಮಾರು 910 ಗ್ರಾಂ ತೂಗುತ್ತದೆ. ಈ 0.91 ಅನ್ನುವುದನ್ನೇ ಶಾಲೆಯಲ್ಲಿ ಸಾಂದ್ರತೆ ಅಂತ ಹೇಳಿಕೊಟ್ಟಿರುತ್ತಾರೆ. ಲೀಟರಿನಿಂದ ಕೆಜಿಗೆ ಹೋಗಲು ಅದರಿಂದ ಗುಣಿಸಿ. ಕೆಜಿಯಿಂದ ಲೀಟರಿಗೆ ಬರಲು ಅದರಿಂದ ಭಾಗಿಸಿ. ಯಾವುದು ಯಾವಾಗ ಅಂತ ಮರೆತರೆ ಒಂದೇ ಮಾತು ನೆನಪಿಡಿ: ಎಣ್ಣೆಯಲ್ಲಿ ಲೀಟರಿನ ಅಂಕಿ ಯಾವಾಗಲೂ ಕೆಜಿ ಅಂಕಿಗಿಂತ ದೊಡ್ಡದು. ಉತ್ತರ ಉಲ್ಟಾ ಬಂದರೆ ಲೆಕ್ಕ ಉಲ್ಟಾ ಆಗಿದೆ ಅಂತ ಅರ್ಥ.

ಕ್ಯಾಲ್ಕುಲೇಟರ್ ಇಲ್ಲದಿದ್ದರೂ ನಡೆಯುತ್ತದೆ. ಕೆಜಿಗೆ ಹತ್ತರಲ್ಲಿ ಒಂದು ಭಾಗ ಸೇರಿಸಿದರೆ ಲೀಟರ್. 15 ಕೆಜಿ ಡಬ್ಬಕ್ಕೆ ಒಂದೂವರೆ ಸೇರಿಸಿ, 16.5 ಲೀಟರ್. ಲೀಟರಿನಿಂದ ಕೆಜಿಗೆ ಬರುವಾಗ ನೂರಕ್ಕೆ ಒಂಬತ್ತು ಕಳೆಯಿರಿ. 15 ಲೀಟರ್ ಡಬ್ಬದಲ್ಲಿ ಇರುವುದು 13.65 ಕೆಜಿ ಮಾತ್ರ. ಅಂಗಡಿಯಲ್ಲಿ 15 ಕೆಜಿ ಡಬ್ಬ, 15 ಲೀಟರ್ ಡಬ್ಬ ಎರಡೂ ಸಿಗುತ್ತವೆ. ನೋಡಲು ಅಣ್ಣ ತಮ್ಮ, ಒಳಗೆ ಒಂದೂಕಾಲು ಕೆಜಿಗಿಂತ ಹೆಚ್ಚು ವ್ಯತ್ಯಾಸ.

ಬೆಲೆ ಹೋಲಿಸುವಾಗ ಇದು ಸರಿಯಾಗಿ ಕೈಕೊಡುತ್ತದೆ. ಒಂದು ಕಡೆ ಲೀಟರಿಗೆ 280 ರೂಪಾಯಿ, ಇನ್ನೊಂದು ಕಡೆ ಕೆಜಿಗೆ 300 ಅಂತ ಇಟ್ಟುಕೊಳ್ಳಿ. 280 ಅಗ್ಗ ಅನಿಸುತ್ತದೆ. ಆದರೆ ಆ 280ಕ್ಕೆ ಸಿಗುವುದು 0.91 ಕೆಜಿ ಮಾತ್ರ. ಹಾಗಾಗಿ 280ನ್ನು 0.91ರಿಂದ ಭಾಗಿಸಿ ನೋಡಿ, ಕೆಜಿಗೆ ಸುಮಾರು 308 ಬೀಳುತ್ತದೆ! ಪ್ಯಾಕೆಟ್ ಮೇಲೆ ಸಾಮಾನ್ಯವಾಗಿ ಲೀಟರಿನ ಪಕ್ಕದಲ್ಲೇ ಗ್ರಾಂ ಕೂಡ ಅಚ್ಚಾಗಿರುತ್ತದೆ. ಆ ಸಣ್ಣ ಅಕ್ಷರವನ್ನೇ ಓದಿ.

ಗಾಣಕ್ಕೆ ಬರುವವರಿಗೆ ಒಂದು ಮಾತು. ಒಳ್ಳೆಯ ಶೇಂಗಾ ಬೀಜ ಎರಡೂವರೆ ಕೆಜಿ ಹಾಕಿದರೆ ಹೆಚ್ಚುಕಡಿಮೆ 1 ಕೆಜಿ ಎಣ್ಣೆ ಬರುತ್ತದೆ. 45 ಕೆಜಿ ಬೀಜ ತಂದರೆ 18 ಕೆಜಿ, ಅಂದರೆ ಸುಮಾರು 19.8 ಲೀಟರ್. 20 ಲೀಟರ್ ಕ್ಯಾನ್ ಸಾಕು ಅಂತ ತರುತ್ತಾರೆ, ಅದು ಬಾಯಿವರೆಗೂ ತುಂಬುತ್ತದೆ. ಬೈಕಿಗೆ ಕಟ್ಟಿಕೊಂಡು ಹೋದರೆ ಅರ್ಧ ದಾರಿಯಲ್ಲಿ ಪ್ಯಾಂಟೆಲ್ಲ ಎಣ್ಣೆ. ಜೊತೆಗೆ ಒಂದು 5 ಲೀಟರ್ ಕ್ಯಾನ್ ತನ್ನಿ.

ಎಲ್ಲದಕ್ಕೂ 0.91 ಹಾಕಬೇಡಿ. ಎಳ್ಳೆಣ್ಣೆ, ಕುಸುಬೆ, ಕೊಬ್ಬರಿ ಎಣ್ಣೆ 0.92ರ ಆಸುಪಾಸು. ಹರಳೆಣ್ಣೆ ಗಟ್ಟಿ, 0.96. ಹಾಲು ನೀರಿಗಿಂತ ಸ್ವಲ್ಪ ಭಾರ, 1.03. ಜೇನುತುಪ್ಪ ಲೀಟರಿಗೆ 1.4 ಕೆಜಿ ತೂಗುತ್ತದೆ. ಅರ್ಧ ಕೆಜಿ ಜೇನಿನ ಬಾಟಲಿ ಚಿಕ್ಕದಾಗಿ ಕಂಡರೆ ಜಗಳ ಆಡಬೇಡಿ, ಅದು 360 ಮಿಲಿಗಿಂತ ಕಡಿಮೆ ಜಾಗದಲ್ಲಿ ಕೂರುತ್ತದೆ.

ನಿಮ್ಮ ಕೈಲಿರುವ ಪದಾರ್ಥದ ಅಂಕಿ ಗೊತ್ತಿಲ್ಲವಾ? ಅಡುಗೆಮನೆಯ ಡಿಜಿಟಲ್ ತಕ್ಕಡಿ ಇದ್ದರೆ ನೀವೇ ಕಂಡುಹಿಡಿಯಬಹುದು. ಒಣಗಿದ ಗಾಜಿನ ಬಾಟಲಿ ಇಟ್ಟು ತಕ್ಕಡಿಯನ್ನು ಸೊನ್ನೆಗೆ ತನ್ನಿ. ಕುತ್ತಿಗೆ ಹತ್ತಿರ ಒಂದು ಗೆರೆ ಎಳೆದು, ಅಲ್ಲಿಯವರೆಗೆ ನೀರು ತುಂಬಿ ತೂಕ ಬರೆದುಕೊಳ್ಳಿ. ನೀರು ಚೆಲ್ಲಿ, ಪೂರ್ತಿ ಒಣಗಿಸಿ. ಇಲ್ಲಿ ಅವಸರ ಮಾಡುವವರೇ ಎಲ್ಲ, ಒಳಗೆ ಹನಿ ಉಳಿದರೆ ಲೆಕ್ಕ ಕೆಡುತ್ತದೆ. ಖಾಲಿ ಬಾಟಲಿಗೆ ಮತ್ತೆ ಸೊನ್ನೆ ಮಾಡಿ, ಅದೇ ಗೆರೆವರೆಗೆ ಎಣ್ಣೆ ಸುರಿದು ತೂಗಿ. ನೀರು 500 ಗ್ರಾಂ, ಎಣ್ಣೆ 456 ಗ್ರಾಂ ಬಂದರೆ, 456 ಭಾಗಿಸು 500, ಅಂದರೆ 0.912.

ಬಿಸಿ ಎಣ್ಣೆಯಲ್ಲಿ ಮಾತ್ರ ಈ ಪರೀಕ್ಷೆ ಬೇಡ. ಕಾದಷ್ಟೂ ಎಣ್ಣೆ ಹಿಗ್ಗುತ್ತದೆ, ಲೀಟರಿನ ತೂಕ ಇಳಿಯುತ್ತದೆ. ಸೋಯಾ ಎಣ್ಣೆ 21 ಡಿಗ್ರಿಯಲ್ಲಿ ಲೀಟರಿಗೆ 919 ಗ್ರಾಂ ಇದ್ದರೆ 60 ಡಿಗ್ರಿಯಲ್ಲಿ 893ಕ್ಕೆ ಬರುತ್ತದೆ. ಕೆಲವು ಕಂಪನಿಗಳು ಪ್ಯಾಕೆಟ್ ಮೇಲೆ ಹೆಚ್ಚಿನ ಉಷ್ಣಾಂಶ ಹಾಕಿ ಲೀಟರ್ ತೋರಿಸುತ್ತಿದ್ದವು. 2022ರ ಆಗಸ್ಟಿನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆ, ಉಷ್ಣಾಂಶ ಬರೆಯದೆ ಪ್ರಮಾಣ ನಮೂದಿಸಿ, ತೂಕ ಸರಿಯಾಗಿರಲಿ ಅಂತ ಹೇಳಿತು. ನಮ್ಮ ಕಡೆ ಏಪ್ರಿಲ್ ಬಿಸಿಲು ಗೊತ್ತಲ್ಲ. ಅದಕ್ಕೇ ನಾನು ಮಾರುವುದು ತೂಕದಲ್ಲೇ.

ಇನ್ನು ಹಿಟ್ಟು, ಖಾರದ ಪುಡಿ, ರವೆಗೆ ಈ ಲೆಕ್ಕ ಹೂಡಬೇಡಿ. ಲೋಟ ಕುಟ್ಟಿ ತುಂಬಿದರೆ ಒಂದು ತೂಕ, ಸುಮ್ನೆ ಸುರಿದರೆ ಇನ್ನೊಂದು. ಅವನ್ನು ನೇರ ತಕ್ಕಡಿಗೆ ಹಾಕಿ.